ಹಳೆಯ ಅಂಬಾಸಿಡರ್‌ಗೆ ಕ್ಲಚ್: ಪ್ಲೇಟ್ ಮಾತ್ರ ಸಾಕಾ, ಪೂರಾ ಸೆಟ್ ಬೇಕಾ?

ಕಾಸರಗೋಡಿನ ಒಳಊರುಗಳಲ್ಲಿ ಹಳೆಯ ಗಾಡಿಗಳು ಇನ್ನೂ ಓಡುತ್ತಿವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹೋದರೆ ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ಒಂದು ಅಂಬಾಸಿಡರ್ ಕಾಣುತ್ತದೆ. ಕೆಲವು ಮನೆಗಳಲ್ಲಿ ಪ್ರೀಮಿಯರ್ ಪದ್ಮಿನಿ, ಇನ್ನು ಕೆಲವು ಕಡೆ ಮಹೀಂದ್ರ ಜೀಪು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಪದ್ಮಿನಿ ಅದಕ್ಕಿಂತ ಎಷ್ಟೋ ಮೊದಲು ನಿಂತಿತ್ತು. ಹಾಗಾಗಿ ಈಗ ಇಂಥ ಗಾಡಿಗೆ ಕ್ಲಚ್ ಹಾಕಿಸುವುದೆಂದರೆ ಶೋರೂಮಿಗೆ ಬಿಟ್ಟು ಸಂಜೆ ತರುವ ಕೆಲಸ ಅಲ್ಲ. ಪ್ರತಿ ಹಂತದಲ್ಲೂ ನಾವೇ ತೀರ್ಮಾನ ಮಾಡಬೇಕಾಗುತ್ತದೆ.

ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೆಕ್ಯಾನಿಕ್ ಫೋನ್ ಮಾಡುತ್ತಾರೆ. "ಅಣ್ಣಾ, ಪ್ಲೇಟ್ ಮಾತ್ರ ಹಾಕುವುದಾ, ಸೆಟ್ ಹಾಕುವುದಾ?" ಪ್ಲೇಟ್ ಎಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಕ್ಲಚ್ಚಿನ ತಟ್ಟೆ, ಸೆಟ್ ಎಂದರೆ ಅದರ ಜೊತೆ ದುಡಿಯುವ ಪಾರ್ಟ್‌ಗಳೂ ಸೇರಿದ್ದು. ಆಗ ಗಡಿಬಿಡಿಯಲ್ಲಿ ಕೊಡುವ ಉತ್ತರ ಮುಂದಿನ ಎಷ್ಟೋ ವರ್ಷದ ಓಡಾಟವನ್ನು ನಿರ್ಧರಿಸುತ್ತದೆ. ಅದಕ್ಕೇ ಗಾಡಿ ಬಿಡುವ ಮೊದಲೇ ಆಯ್ಕೆಗಳನ್ನು ಯೋಚಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಹಿಡಿದುಕೊಂಡಿರುವ ಲೆಕ್ಕ ಹೀಗೆ. ಈ ಕೆಲಸದಲ್ಲಿ ದೊಡ್ಡ ಖರ್ಚು ಬಿಚ್ಚಿ ಜೋಡಿಸುವುದರದ್ದು, ಸಾಮಾನಿನದ್ದಲ್ಲ. ಆದ್ದರಿಂದ ಯಾವ ಪಾರ್ಟ್‌ಗೆ ಕೈ ಹಾಕಲು ಗೇರ್‌ಬಾಕ್ಸ್ ಇಳಿಸಲೇಬೇಕೋ, ಅದರಲ್ಲಿ ಉಳಿತಾಯ ನೋಡಬಾರದು. ಯಾವುದು ಹೊರಗಿನಿಂದಲೇ ಸಿಗುತ್ತದೋ, ಅದನ್ನು ಮುಂದಿನ ತಿಂಗಳಿಗೋ ಮುಂದಿನ ಅಡಿಕೆ ಕೊಯ್ಲಿಗೋ ಬಿಡಬಹುದು. ಕೆಳಗೆ ಬರೆದಿರುವ ಹೆಚ್ಚಿನ ಸಲಹೆಗಳ ಹಿಂದೆ ಇದೇ ಲೆಕ್ಕ ಇದೆ.

ಮೊದಲು, ಹೋಗಿರುವುದು ಕ್ಲಚ್ಚೇ ಹೌದಾ?

ಕ್ಲಚ್ ಜಾರುವುದು ಒಂದು, ಬಿಡದಿರುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ ದುಡ್ಡು ಸುಮ್ನೆ ಹೋಗುತ್ತದೆ.

ಜಾರುವುದು ಏರಿನಲ್ಲಿ ಗೊತ್ತಾಗುತ್ತದೆ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತದೆ, ಗಾಡಿ ವೇಗ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಟ್ಟು ನೋಡಬಹುದು. ಒಳ್ಳೆಯ ಕ್ಲಚ್ ಇದ್ದರೆ ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಹಿಡಿಯುತ್ತಿಲ್ಲ. ಈ ಪರೀಕ್ಷೆ ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಉಳಿದ ಲೈನಿಂಗೂ (ಪ್ಲೇಟಿನ ಮುಖದ ಮೇಲಿನ, ಹಿಡಿತ ಕೊಡುವ ಪದರ) ಸುಡುತ್ತದೆ. ಪೆಡಲ್‌ನ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗ ಸಿಗುವ ಖಾಲಿ ಆಟ, ಪೂರ್ತಿ ಹೋಗಿದ್ದರೂ ಕ್ಲಚ್ ಜಾರುತ್ತದೆ ಎಂಬುದು ನೆನಪಿರಲಿ. ಅದಕ್ಕೆ ಬರೀ ಅಡ್ಜಸ್ಟ್‌ಮೆಂಟ್ ಸಾಕಾಗಬಹುದು.

ಬಿಡದಿರುವುದು ಬೇರೆ ರೋಗ. ಪೆಡಲ್ ಪೂರ್ತಿ ಒತ್ತಿದರೂ ರಿವರ್ಸ್ ಹಾಕುವಾಗ ಗರಗರ ಎನ್ನುತ್ತದೆ. ಇದಕ್ಕೆ ಪ್ಲೇಟ್ ಕಾರಣ ಆಗಿರಲೇಬೇಕೆಂದಿಲ್ಲ. ನಿಮ್ಮ ಗಾಡಿಯಲ್ಲಿ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಕ್ಲಚ್ ಇದ್ದು, ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ಒತ್ತಿದಾಗ ಗೇರ್ ಸಲೀಸಾಗಿ ಬಿದ್ದರೆ, ತೊಂದರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಕ್ಲಚ್ ಕಡೆಯ ಸ್ಲೇವ್ ಸಿಲಿಂಡರಿನಲ್ಲಿದೆ. ಕಡಲ ಪಕ್ಕದ ನಮ್ಮ ಹವೆಯಲ್ಲಿ ಇದು ಸಾಮಾನ್ಯ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಕಪ್ ಹರಿಯುತ್ತದೆ. ಇದಕ್ಕೆ ಗೇರ್‌ಬಾಕ್ಸ್ ಇಳಿಸುವುದು ಬೇಡವೇ ಬೇಡ.

ಮಳೆಗಾಲ ಕಳೆದ ಮೇಲೆ ಕಾಣುವ ತೊಂದರೆ ಇನ್ನೊಂದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಶೆಡ್ಡಿನಲ್ಲೇ ನಿಂತ ಗಾಡಿಯ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ (ಎಂಜಿನ್ ಹಿಂದಿನ ಭಾರದ ಚಕ್ರ) ಅಂಟಿಕೊಳ್ಳುತ್ತದೆ. ಪೆಡಲ್ ಒತ್ತಿದರೆ ಮಾಮೂಲಿನಂತೆ ಗಟ್ಟಿ ಇರುತ್ತದೆ, ಆದರೆ ಗಾಡಿ ಗೇರಿನಿಂದ ಬಿಡುವುದಿಲ್ಲ. ಎಂಜಿನ್ ಬಿಸಿ ಮಾಡಿ, ಪೆಡಲನ್ನು ಮರದ ತುಂಡಿನಿಂದ ಒತ್ತಿ ನಿಲ್ಲಿಸಿ ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಾಗೆ ಬಿಟ್ಟರೆ ಹೊಸ ಪ್ಲೇಟಿನ ಮಾತು ಸದ್ಯಕ್ಕೆ ಬೇಡ.

ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವ ಗಾಡಿಗಳಲ್ಲಿ ಇನ್ನೂ ಒಂದು ನೋಡಬೇಕು. ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಹೋಗುವ ರಾಡ್‌ಗಳ ಬುಶ್ ಸವೆದಿದ್ದರೆ ಗೇರ್ ಅರ್ಧಕ್ಕೇ ಬೀಳುತ್ತದೆ. ಕ್ಲಚ್ ಬಿಡುತ್ತಿಲ್ಲ ಎಂದೇ ಅನಿಸುತ್ತದೆ. ಬುಶ್ ಬದಲಿಸುವುದು ಸಣ್ಣ ಕೆಲಸ.

ಸದ್ದನ್ನೂ ಗಮನಿಸಿ. ಪೆಡಲ್ ಒತ್ತಿದಾಗ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ನ್ಯೂಟ್ರಲ್‌ನಲ್ಲಿ ಸದ್ದಿದ್ದು, ಪೆಡಲ್ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸ್‌ನ ಮುಂದಿನ ಶಾಫ್ಟ್ ಬೇರಿಂಗ್. ಈ ಎರಡನೆಯದನ್ನು ಗಾಡಿ ಬಿಡುವಾಗಲೇ ಮೆಕ್ಯಾನಿಕ್‌ಗೆ ಹೇಳಲೇಬೇಕು. ಗೇರ್‌ಬಾಕ್ಸ್ ಹೇಗೂ ಹೊರಗೆ ಬರುತ್ತದೆ ಅಲ್ವಾ, ಆ ಬೇರಿಂಗನ್ನೂ ಆಗಲೇ ಹಾಕಿಬಿಡಬಹುದು.

ಲೈನಿಂಗ್, ಹೊಸ ಪ್ಲೇಟ್, ಪೂರಾ ಸೆಟ್

ಮೂರು ದಾರಿಗಳಿವೆ. ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ ಹಾಕಿಸುವುದು ಒಂದು. ಪ್ಲೇಟ್ ಮಾತ್ರ ಹೊಸತು ಹಾಕುವುದು ಇನ್ನೊಂದು. ಪ್ಲೇಟ್, ಅದನ್ನು ಸ್ಪ್ರಿಂಗ್ ಬಲದಿಂದ ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬುಶ್ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಮೂರನೆಯದು.

ಲೈನಿಂಗ್ ಹಾಕಿಸುವುದನ್ನು ಬಹಳ ಜನ ಕೀಳಾಗಿ ನೋಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹಳೆಯ ಪ್ಲೇಟಿನ ನಡುವಿನ ಹಬ್ ಚೆನ್ನಾಗಿದ್ದರೆ ಇದು ಗೌರವದ ಕೆಲಸವೇ. ಸ್ಪ್ರಿಂಗ್‌ಗಳು ಸಡಿಲವಾಗಿರಬಾರದು, ಅಲ್ಲಾಡಿಸಿದರೆ ಗಲಗಲ ಅನ್ನಬಾರದು. ಸ್ಪ್ಲೈನ್‌ನ (ಗೇರ್‌ಬಾಕ್ಸ್ ಶಾಫ್ಟ್ ಹೊಕ್ಕುವ ತೂತಿನ) ಹಲ್ಲುಗಳು ಚೂಪಾಗಿರಬಾರದು. ಪ್ಲೇಟ್ ಬಾಗಿರಬಾರದು. ಈ ಮೂರೂ ಸರಿಯಿದ್ದರೆ, ಬ್ರೇಕ್ ಲೈನಿಂಗ್ ಹಾಕುವ ಒಳ್ಳೆಯ ಅಂಗಡಿಯಲ್ಲಿ ಸರಿಯಾದ ದಪ್ಪದ ಲೈನಿಂಗ್ ರಿವೆಟ್ ಮಾಡಿಸಬಹುದು. ಅಪರೂಪದ ಗಾಡಿಗೆ, ಪ್ಲೇಟ್ ಎಲ್ಲೂ ಸಿಗದ ಹಳೆಯ ಮಾಡೆಲ್‌ಗೆ ಇದೇ ಸರಿಯಾದ ಆಯ್ಕೆ. ಹಬ್ ಒರಿಜಿನಲ್ ಆಗಿಯೇ ಉಳಿಯುತ್ತದೆ, ಅಳತೆ ತಪ್ಪುವ ಭಯ ಇಲ್ಲ. ದಿನಾ ಓಡುವ ಡೀಸೆಲ್ ಅಂಬಾಸಿಡರ್‌ಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಡೀಸೆಲ್ ಎಂಜಿನ್ನಿನ ಹೊಡೆತಕ್ಕೆ ಹಬ್‌ನ ಸ್ಪ್ರಿಂಗ್‌ಗಳು ಬೇಗ ದಣಿಯುತ್ತವೆ. ಹೊರಗಿನಿಂದ ನೋಡಿದರೆ ಅದು ಗೊತ್ತಾಗುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಬೆಲ್‌ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚ) ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ತೆಗೆಯುವ ಅಭ್ಯಾಸ ಎಲ್ಲ ಕಡೆ ಇದೆ. ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ, ಮಾಸ್ಕ್ ಹಾಕಿಕೊಳ್ಳಲು ಹೇಳಿ. ಮೆಕ್ಯಾನಿಕ್ ನಕ್ಕರೂ ಹೇಳಿ. ಅವರ ಪಕ್ಕ ನಿಂತು ಕೆಲಸ ಕಲಿಯುವ ಹುಡುಗರೂ ಅದೇ ಗಾಳಿ ಉಸಿರಾಡುತ್ತಾರೆ.

ಎರಡನೆಯ ದಾರಿ, ಅಂದರೆ ಹೊಸ ಪ್ಲೇಟ್ ಮಾತ್ರ ಹಾಕಿ ಉಳಿದದ್ದು ಹಳೆಯದೇ ಇಡುವುದು. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ. ಇದು ಕಡಿಮೆ ಖರ್ಚಿನದ್ದು ಅನಿಸುತ್ತದೆ. ಆದರೆ ಪ್ಲೇಟ್ ಸವೆಯುವಷ್ಟು ದಿನ ಪ್ರೆಶರ್ ಪ್ಲೇಟೂ ದುಡಿದಿದೆ, ಬೇರಿಂಗೂ ದುಡಿದಿದೆ. ನನಗೆ ಗೊತ್ತಿರುವ ಒಬ್ಬರು ಹೀಗೆ ಪ್ಲೇಟ್ ಮಾತ್ರ ಹಾಕಿಸಿದರು. ಮುಂದಿನ ಮಳೆಗಾಲ ಬರುವ ಮೊದಲೇ ರಿಲೀಸ್ ಬೇರಿಂಗ್ ಕೂಗಲು ಶುರುವಾಯಿತು. ಬೇರಿಂಗಿನ ಬೆಲೆ ಏನೂ ಅಲ್ಲ, ಆದರೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಎರಡು ಸಲದ ಕೂಲಿ ಸೇರಿಸಿದರೆ ಮೊದಲೇ ಪೂರಾ ಸೆಟ್ ಹಾಕಿದ್ದಕ್ಕಿಂತ ಜಾಸ್ತಿಯಾಗಿತ್ತು.

ಪ್ಲೇಟ್ ಮಾತ್ರ ಹಾಕುವುದು ಸರಿಯಾಗುವ ಸಂದರ್ಭವೂ ಇದೆ. ಪ್ರೆಶರ್ ಪ್ಲೇಟ್ ಇತ್ತೀಚೆಗಷ್ಟೇ ಹಾಕಿದ್ದು, ಎಣ್ಣೆ ಬಿದ್ದು ಪ್ಲೇಟ್ ಹಾಳಾಗಿದ್ದರೆ ಅಷ್ಟೇ ಬದಲಿಸಿ. ಆಗ ಪ್ರೆಶರ್ ಪ್ಲೇಟ್‌ನ ಮುಖ ನೋಡಿ. ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಬೆರಳಿಗೆ ತಾಗುವ ಗೆರೆ ಇದ್ದರೆ ಬೇಡ. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಮುಖ ಕುಳಿಬಿದ್ದಿದೆಯೋ ಎಂದು ಗೊತ್ತಾಗುತ್ತದೆ.

ಪೂರಾ ಸೆಟ್ ನನ್ನ ಆಯ್ಕೆ. ಅದರಲ್ಲೂ ಪೈಲಟ್ ಬುಶ್ ಮರೆಯಬೇಡಿ. ಫ್ಲೈವೀಲ್ ನಡುವೆ, ಕ್ರ್ಯಾಂಕ್‌ನ ತುದಿಯಲ್ಲಿ ಕೂರುವ ಆ ಸಣ್ಣ ಬುಶ್ಶಿನ ಮೇಲೆ ಗೇರ್‌ಬಾಕ್ಸ್ ಶಾಫ್ಟ್‌ನ ಮೂತಿ ತಿರುಗುತ್ತದೆ. ಅದು ಸವೆದರೆ ಶಾಫ್ಟ್ ಅಲ್ಲಾಡುತ್ತದೆ, ಹಿಡಿದುಕೊಂಡರೆ ಹೊಸ ಪ್ಲೇಟ್ ಹಾಕಿದ ಮೇಲೂ ಕ್ಲಚ್ ಬಿಡುವುದಿಲ್ಲ. ಎಷ್ಟೋ ಸೆಟ್‌ಗಳ ಪೆಟ್ಟಿಗೆಯಲ್ಲಿ ಇದು ಇರುವುದಿಲ್ಲ, ಬೇರೆಯೇ ಕೇಳಿ ತರಬೇಕು. ಹೊಸ ಬುಶ್ಶನ್ನು ಹಾಕುವ ಹಿಂದಿನ ರಾತ್ರಿ ಎಂಜಿನ್ ಆಯಿಲಿನಲ್ಲಿ ಮುಳುಗಿಸಿ ಇಡಬೇಕು. ಸಣ್ಣ ರಂಧ್ರಗಳಿರುವ ಕಂಚು ಅದು, ಎಣ್ಣೆ ಹೀರಿ ಇಟ್ಟುಕೊಳ್ಳುತ್ತದೆ. ಹಳೆಯದನ್ನು ತೆಗೆಯುವುದಕ್ಕೂ ಉಪಾಯ ಇದೆ. ಬುಶ್ಶಿನ ತೂತಿಗೆ ಗಟ್ಟಿ ಗ್ರೀಸ್ ತುಂಬಿ, ಅದೇ ಅಳತೆಯ ರಾಡ್ ಇಟ್ಟು ಹೊಡೆದರೆ ಗ್ರೀಸ್ ಹಿಂದಿನಿಂದ ಒತ್ತಿ ಬುಶ್ ಹೊರಗೆ ಬರುತ್ತದೆ.

ಕಾಯಿಲ್ ಸ್ಪ್ರಿಂಗ್ ಮತ್ತು ಡಯಾಫ್ರಮ್, ಕಾರ್ಬನ್ ಮತ್ತು ಬಾಲ್ ಬೇರಿಂಗ್

ಹಳೆಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಎಂಜಿನ್‌ಗಳ ಕಾಲದ ಪ್ರೆಶರ್ ಪ್ಲೇಟ್‌ಗಳಲ್ಲಿ ಸುತ್ತಲೂ ಕಾಯಿಲ್ ಸ್ಪ್ರಿಂಗ್, ನಡುವೆ ಮೂರು ಫಿಂಗರ್ ಇರುತ್ತವೆ. ಆಮೇಲಿನ ಕಾಲದ್ದು ಡಯಾಫ್ರಮ್, ಅಂದರೆ ಒಂದೇ ತಟ್ಟೆಯಂಥ ಸ್ಪ್ರಿಂಗ್. ಡಯಾಫ್ರಮ್‌ಗೆ ಪೆಡಲ್ ಹಗುರ. ಲೈನಿಂಗ್ ಸವೆದಂತೆ ಹಿಡಿತ ಕಡಿಮೆಯಾಗುವುದೂ ಕಡಿಮೆ. ಕಾಯಿಲ್ ಸ್ಪ್ರಿಂಗ್ ಇರುವುದರಲ್ಲಿ ಮೂರು ಫಿಂಗರ್‌ಗಳೂ ಒಂದೇ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಹೊಸತು ಬಂದ ಕೂಡಲೇ ಟೇಬಲ್ ಮೇಲೆ ಇಟ್ಟು ಅಳೆದು ನೋಡಿ, ಫಿಟ್ ಮಾಡಿದ ಮೇಲೆ ನೋಡಿ ಪ್ರಯೋಜನ ಇಲ್ಲ.

ಒಂದರ ಜಾಗಕ್ಕೆ ಇನ್ನೊಂದು ಹಾಕುವ ಆಸೆ ಬೇಡ ಅಂತಲೇ ಹೇಳುತ್ತೇನೆ. ಫ್ಲೈವೀಲ್‌ನ ಬೋಲ್ಟ್ ಜಾಗ, ಬೇರಿಂಗಿನ ಎತ್ತರ, ಅದನ್ನು ತಳ್ಳುವ ಫೋರ್ಕ್‌ನ ಚಲನೆ ಎಲ್ಲ ಬದಲಾಗುತ್ತದೆ. ನಿಮ್ಮ ಗಾಡಿಗೆ ಯಾವುದು ಬಂದಿದೆಯೋ ಅದನ್ನೇ ಹುಡುಕಿ.

ರಿಲೀಸ್ ಬೇರಿಂಗ್‌ನಲ್ಲೂ ಎರಡು ಜಾತಿ. ಬಿಎಂಸಿ ಎಂಜಿನ್‌ನ ಹಳೆಯ ಕಾರುಗಳಲ್ಲಿ ಕಾರ್ಬನ್ ಬೇರಿಂಗ್ ಇರುತ್ತಿತ್ತು. ಅದರಲ್ಲಿ ಬಾಲ್‌ಗಳಿಲ್ಲ, ಗ್ರಾಫೈಟ್ ಬಳೆ ಒಂದೇ. ಅದು ಸದ್ದು ಮಾಡುವುದಿಲ್ಲ, ಗ್ರೀಸ್ ಬೇಡ, ಆದರೆ ಪೆಡಲ್ ಮೇಲೆ ಕಾಲಿಟ್ಟಷ್ಟು ಹೊತ್ತೂ ಸವೆಯುತ್ತದೆ. ಚೆರ್ಕಳ ಜಂಕ್ಷನ್‌ನಲ್ಲಿ ಟ್ರಾಫಿಕ್ಕಿಗೆ ನಿಂತಾಗ ಗೇರಿನಲ್ಲೇ ಇಟ್ಟು ಕ್ಲಚ್ ಒತ್ತಿ ಹಿಡಿಯುವವರಿಗೆ ಕಾರ್ಬನ್ ಬಹಳ ಕಾಲ ಬರುವುದಿಲ್ಲ. ನ್ಯೂಟ್ರಲ್ ಮಾಡಿ ಕಾಲು ತೆಗೆಯುವವರಿಗೆ ಒಂದು ಪ್ಲೇಟಿನ ಆಯುಷ್ಯಕ್ಕೆ ಸಾಕು. ಬಾಲ್ ಬೇರಿಂಗ್ ಒತ್ತಿ ಹಿಡಿಯುವುದನ್ನು ಹೆಚ್ಚು ಸಹಿಸುತ್ತದೆ, ಆದರೆ ನೀರು ಮತ್ತು ಧೂಳು ಹೊಕ್ಕರೆ ಕೂಗುತ್ತದೆ. ನೆರೆ ನೀರು ದಾಟಿದ ಜೀಪುಗಳಲ್ಲಿ ಇದು ಗೊತ್ತಿರುವ ವಿಷಯ.

ಫ್ಲೈವೀಲ್: ಲೇತಿಗೆ ಕೊಡುವುದಾ, ಹಾಗೇ ಬಿಡುವುದಾ?

ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ನೋಡಬೇಕಾದ್ದು ಇದನ್ನೇ. ಹೊಸ ಪ್ಲೇಟಿನ ಒಂದು ಮುಖ ಪ್ರೆಶರ್ ಪ್ಲೇಟಿಗೆ, ಇನ್ನೊಂದು ಫ್ಲೈವೀಲಿಗೆ ತಾಗುತ್ತದೆ. ಮೂರು ಹೊಸ ಪಾರ್ಟ್ ತಂದು, ನಾಲ್ಕನೆಯ ಮುಖವನ್ನು ಗೆರೆಬಿದ್ದಂತೆಯೇ ಬಿಟ್ಟರೆ ಅರ್ಧ ಕ್ಲಚ್ ಮಾತ್ರ ಹೊಸತು.

ಫ್ಲೈವೀಲ್‌ನ ಮುಖ ಒಂದೇ ಬಣ್ಣದಲ್ಲಿ, ನಯವಾಗಿ ಇದ್ದರೆ ಎಮರಿ ಪೇಪರ್‌ನಲ್ಲಿ ಹೊಳಪು ತೆಗೆದು, ಥಿನ್ನರ್ ಹಾಕಿ ಒರೆಸಿದರೆ ಸಾಕು. ಉಗುರಿಗೆ ತಾಗುವ ಗೆರೆ, ಗಟ್ಟಿಯಾದ ನೀಲಿ ಚುಕ್ಕೆಗಳು, ರಿವೆಟ್ ತಾಗಿ ಕೊರೆದ ಸುತ್ತು ಇದ್ದರೆ ಲೇತಿಗೆ ಕೊಡಿ. ಗ್ರೈಂಡಿಂಗ್ ಮಾಡಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ನೀಲಿ ಚುಕ್ಕೆಗಳು ಕಬ್ಬಿಣಕ್ಕಿಂತ ಗಟ್ಟಿ. ಲೇತ್‌ನ ಟೂಲ್ ಅವುಗಳ ಮೇಲೆ ಹಾರಿ ಹೋಗಿ ಸಣ್ಣ ಗುಡ್ಡ ಉಳಿಸುತ್ತದೆ. ಆಳದ ಬಿರುಕು ಕಂಡರೆ ಯಾವ ಲೇತೂ ಬೇಡ, ಬೇರೆ ಫ್ಲೈವೀಲ್ ಹುಡುಕಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾರದ ಚಕ್ರ ಅದು, ನಿಮ್ಮ ಪಾದದ ಹತ್ತಿರವೇ ಇರುತ್ತದೆ.

ಲೇತಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟ್ ತಾಗುವ ಮುಖ ಒಂದು ಮಟ್ಟದಲ್ಲಿ, ಪ್ರೆಶರ್ ಪ್ಲೇಟ್ ಬೋಲ್ಟ್ ಆಗುವ ಅಂಚು ಇನ್ನೊಂದು ಮಟ್ಟದಲ್ಲಿ ಇರುತ್ತದೆ. ಒಂದನ್ನು ಎಷ್ಟು ಕಡಿಯುತ್ತಾರೋ ಇನ್ನೊಂದನ್ನೂ ಅಷ್ಟೇ ಕಡಿಯಬೇಕು. ಇಲ್ಲದಿದ್ದರೆ ಹೊಸ ಸ್ಪ್ರಿಂಗ್‌ನ ಒತ್ತಡ ಕಡಿಮೆಯಾಗಿ ಕ್ಲಚ್ ಜಾರುತ್ತದೆ, ಎಲ್ಲರೂ ಪ್ಲೇಟನ್ನು ಬೈಯುತ್ತಾರೆ.

ಫ್ಲೈವೀಲ್ ಹೊರಗೆ ಬಂದಾಗ ಅದರ ಸುತ್ತಲಿನ ರಿಂಗ್ ಗೇರ್ ನೋಡಿ. ಸ್ಟಾರ್ಟರ್ ಕಚ್ಚುವ ಜಾಗದಲ್ಲಿ ಹಲ್ಲು ಸವೆದಿದ್ದರೆ ಆಗಲೇ ಬದಲಿಸಿ. ಬಿಚ್ಚುವ ಮೊದಲು ಫ್ಲೈವೀಲ್ ಮತ್ತು ಕ್ರ್ಯಾಂಕ್‌ಗೆ ಗುರುತು ಹಾಕಿ ಇಡಲು ಹೇಳಿ.

ಎಣ್ಣೆ ಎಲ್ಲಿಂದ ಬಂತು?

ಬಿಚ್ಚಿದಾಗ ಪ್ಲೇಟ್ ಎಣ್ಣೆಯಲ್ಲಿ ನೆಂದಿದ್ದರೆ, ಕಾರಣ ಗೊತ್ತಾಗುವವರೆಗೆ ಹೊಸತು ಹಾಕಬಾರದು. ಕಪ್ಪಾಗಿ ತೆಳ್ಳಗೆ ಇದ್ದರೆ ಎಂಜಿನ್ ಆಯಿಲ್. ದಪ್ಪಗೆ, ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್.

1489 ಸಿಸಿಯ ಹಳೆಯ ಬಿಎಂಸಿ ಪೆಟ್ರೋಲ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಹಿಂದಿನ ತುದಿಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ಸುರುಳಿಯಾಗಿ ಕೊರೆದ ಗೆರೆ ಇದೆ, ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಹಾಗಾಗಿ ಸ್ವಲ್ಪ ತೊಟ್ಟಿಕ್ಕುವುದು ಆ ಎಂಜಿನ್‌ನ ಸ್ವಭಾವ. ಜಾಸ್ತಿ ಸೋರಿದರೆ ಮೊದಲು ಎಂಜಿನ್ ಬ್ರೀದರ್ ಪೈಪ್ ಕಟ್ಟಿದೆಯೋ ನೋಡಿ. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಎಣ್ಣೆಯನ್ನೇ ತಳ್ಳುತ್ತದೆ. ಆಮೇಲೆ ಮೇನ್ ಬೇರಿಂಗ್‌ನ ಸವೆತ. ಆ ಸೀಲ್ ಹಾಕಿ ಎಂದು ಅಂಗಡಿಯಲ್ಲಿ ಕೇಳಿ ಅಲೆಯಬೇಡಿ, ಅಂಥದ್ದು ಅದರಲ್ಲಿಲ್ಲ. 1990ರ ದಶಕದಲ್ಲಿ ಬಂದ 1.8 ಲೀಟರ್ ಇಸುಜು ಎಂಜಿನ್‌ನ ಅಂಬಾಸಿಡರ್ ಆದರೆ ರಬ್ಬರ್ ಸೀಲ್ ಇದೆ. ಸೋರದಿದ್ದರೂ ಈಗಲೇ ಬದಲಿಸಿ. ಸೀಲಿನ ಬೆಲೆ ಕಡಿಮೆ, ಅಲ್ಲಿಗೆ ತಲುಪುವ ಕೂಲಿ ಜಾಸ್ತಿ.

ಬೆಲ್‌ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇದ್ದರೆ ಅದನ್ನು ತೆರೆದೇ ಇಡಿ. ಸೋರಿದ ಎಣ್ಣೆ ಪ್ಲೇಟಿಗೆ ಹೋಗದೆ ಹೊರಗೆ ಬೀಳಲು ಅದು ದಾರಿ. ನಮ್ಮ ಮುರ ಮಣ್ಣಿನ ರಸ್ತೆಯಲ್ಲಿ ಕೆಂಪು ಮಣ್ಣು ಎಣ್ಣೆಗೆ ಅಂಟಿ ಅದನ್ನು ಮುಚ್ಚಿಬಿಡುತ್ತದೆ.

ಸಾಮಾನು ಎಲ್ಲಿಂದ?

ಕಾಸರಗೋಡು ಪೇಟೆಯಲ್ಲಿ ಸಿಕ್ಕಿದರೆ ಅದೃಷ್ಟ. ಇಲ್ಲದಿದ್ದರೆ ಐವತ್ತು ಕಿಲೋಮೀಟರ್ ದೂರದ ಮಂಗಳೂರು. ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಂಬಾಸಿಡರ್ ಟ್ಯಾಕ್ಸಿಗಳು ಕೊನೆಯವರೆಗೂ ಓಡಿದ ಕೋಲ್ಕತ್ತದಲ್ಲಿ ಇನ್ನೂ ಸಾಮಾನು ಇದೆ, ಪಾರ್ಸಲ್ ತರಿಸಬಹುದು. ಪದ್ಮಿನಿಗೆ ಮುಂಬೈ ಕಡೆ ನೋಡಬೇಕು, ಅದು ಹುಟ್ಟಿದ್ದೂ ಕುರ್ಲಾದಲ್ಲಿ, ಟ್ಯಾಕ್ಸಿಯಾಗಿ ದುಡಿದದ್ದೂ ಅಲ್ಲೇ.

ಹಳೆಯ ಸ್ಟಾಕ್ ಒರಿಜಿನಲ್ ಸಿಕ್ಕಿದರೆ ಖುಷಿಯೇ. ಆದರೂ ಪೆಟ್ಟಿಗೆ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಇಪ್ಪತ್ತು ಮೂವತ್ತು ವರ್ಷ ಗೋಡೌನಿನಲ್ಲಿ ಇದ್ದ ಪ್ರೆಶರ್ ಪ್ಲೇಟ್‌ಗೆ ತುಕ್ಕು ಹತ್ತಿರಬಹುದು, ಪ್ಲೇಟ್ ತೇವ ಹೀರಿ ಬಾಗಿರಬಹುದು. ಬೇರಿಂಗಿನ ಗ್ರೀಸ್ ಒಣಗಿರುವುದು ಹೆಚ್ಚು ಕಡಿಮೆ ಖಚಿತ. ರಬ್ಬರ್ ಪಾರ್ಟ್ ಮಾತ್ರ ಹಳೆಯ ಸ್ಟಾಕಿನಲ್ಲಿ ತೆಗೆದುಕೊಳ್ಳಲೇಬೇಡಿ. ಸಿಲಿಂಡರ್ ಕಿಟ್ ಹೊಸ ತಯಾರಿಯದ್ದೇ ಇರಲಿ.

ಈಗಿನ ತಯಾರಿಯ ಡೂಪ್ಲಿಕೇಟ್‌ನಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಗುರುತಿಸುವುದಕ್ಕೆ ನಿಮ್ಮ ಹಳೆಯ ಪ್ಲೇಟೇ ಒಳ್ಳೆಯ ಅಳತೆಗೋಲು. ಅಂಗಡಿಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ವ್ಯಾಸ, ದಪ್ಪ, ಸ್ಪ್ಲೈನ್‌ನ ಹಲ್ಲುಗಳ ಎಣಿಕೆ, ಹಬ್ ಯಾವ ಕಡೆ ಉಬ್ಬಿದೆ ಎಲ್ಲ ಹೋಲಿಸಿ. ಮಾಡೆಲ್ ಹೆಸರು ಹೇಳಿದರೆ ಸಾಲದು, ಈ ಗಾಡಿಗಳಲ್ಲಿ ಹಿಂದಿನ ಮಾಲೀಕರು ಎಂಜಿನ್ ಬದಲಿಸಿರುವುದೂ ಇದೆ.

ಗುಜರಿಯಿಂದ ಫ್ಲೈವೀಲ್, ಫೋರ್ಕ್, ಬೆಲ್‌ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದ ಶಾಫ್ಟ್) ತರಬಹುದು. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ತರಬಾರದು.

ಯಾರ ಕೈಗೆ ಕೊಡುವುದು?

ಊರಿನ ಮೆಕ್ಯಾನಿಕ್‌ಗೋ, ಮಂಗಳೂರಿನ ದೊಡ್ಡ ಗ್ಯಾರೇಜಿಗೋ? ನಾನು ಊರಿನ ಕಡೆ. ಐವತ್ತು ದಾಟಿದ ಮೆಕ್ಯಾನಿಕ್‌ಗಳು ಕಲಿತದ್ದೇ ಅಂಬಾಸಿಡರ್ ಮತ್ತು ಜೀಪಿನಲ್ಲಿ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಆ ಗಾಡಿಯ ಕಾಯಿಲೆ ವಿವರಿಸಬಲ್ಲರು. ದೊಡ್ಡ ಗ್ಯಾರೇಜಿನಲ್ಲಿ ಲಿಫ್ಟ್ ಇದೆ, ಟಾರ್ಕ್ ರೆಂಚ್ ಇದೆ, ಆದರೆ ಕೆಲಸ ಮಾಡುವ ಹುಡುಗ ಮೂರು ಫಿಂಗರ್‌ನ ಪ್ರೆಶರ್ ಪ್ಲೇಟ್ ನೋಡಿರುವುದೇ ಸಂಶಯ.

ಒಂದು ವಿಷಯದಲ್ಲಿ ಮಾತ್ರ ಪಕ್ಕದಲ್ಲೇ ನಿಂತು ನೋಡಿ. ಗೇರ್‌ಬಾಕ್ಸ್ ಮತ್ತೆ ಸೇರಿಸುವಾಗ ಅದರ ಭಾರ ಪ್ಲೇಟಿನ ಹಬ್ ಮೇಲೆ ನೇತಾಡಬಾರದು. ಒಂದು ನಿಮಿಷ ಹಾಗೆ ನೇತಾಡಿದರೂ ಪ್ಲೇಟ್ ಬಾಗುತ್ತದೆ, ಹೊಸ ಕ್ಲಚ್ ಮೊದಲ ದಿನದಿಂದಲೇ ಪೂರ್ತಿ ಬಿಡದೆ ಎಳೆಯುತ್ತದೆ. ಜ್ಯಾಕ್ ಕೊಟ್ಟು ಮಟ್ಟ ಹಿಡಿಯಬೇಕು. ಪ್ಲೇಟನ್ನು ನಡುವೆ ಕೂರಿಸಲು ಹಳೆಯ ಇನ್‌ಪುಟ್ ಶಾಫ್ಟ್ ಒಂದಿದ್ದರೆ ಬಹಳ ಒಳ್ಳೆಯದು. ಪ್ರೆಶರ್ ಪ್ಲೇಟ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸ್ಪ್ಲೈನ್‌ಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಮೆತ್ತಿದರೆ ತಿರುಗುವಾಗ ಲೈನಿಂಗ್ ಮೇಲೆ ಚಿಮ್ಮುತ್ತದೆ.

ಹೊರಗಿನವು: ಶಾಫ್ಟ್, ಕ್ರಾಸ್, ಮೌಂಟಿಂಗ್, ಹೌಸಿಂಗ್

ಗೇರ್ ಹಾಕಿ ಹೊರಡುವಾಗ ಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟ್ ತುದಿಯ ಬಾಗುವ ಕೀಲು) ನೋಡಿ. ವೇಗ ಹೆಚ್ಚಿದಂತೆ ನಡುಕ ಹೆಚ್ಚಿದರೂ ಅಲ್ಲೇ. ಇವೆಲ್ಲ ಗಾಡಿಯ ಕೆಳಗಿನಿಂದ ಸಿಗುವ ಪಾರ್ಟ್‌ಗಳು. ಆದ್ದರಿಂದ ಸವೆಯದಿದ್ದರೆ ಬಿಡಿ, ಕೈಯಲ್ಲಿ ತಿರುಗಿಸಿದಾಗ ಆಟ ಇದ್ದರೆ ಹಾಕಿ. ಕ್ರಾಸ್ ತೆಗೆದುಕೊಳ್ಳುವಾಗ ಗ್ರೀಸ್ ನಿಪ್ಪಲ್ ಇರುವುದನ್ನೇ ಕೇಳಿ. ನಮ್ಮ ಮಳೆಗೆ ವರ್ಷಕ್ಕೆರಡು ಸಲ ಗ್ರೀಸ್ ಹೊಡೆಯಲು ಆಗುವುದು ಮುಖ್ಯ. ಬಿಚ್ಚುವ ಮೊದಲು ಶಾಫ್ಟ್‌ಗೂ ಫ್ಲ್ಯಾಂಜ್‌ಗೂ ಗುರುತು ಹಾಕಿ. ಎರಡು ತುದಿಯ ನೊಗಗಳು ಒಂದೇ ನೇರದಲ್ಲಿ ಬರಬೇಕು, ತಪ್ಪಿದರೆ ಹೊಸ ಕ್ರಾಸ್ ಹಾಕಿದ ಮೇಲೂ ನಡುಕ ಹೋಗುವುದಿಲ್ಲ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್‌ಗಳು ಹೊರಗಿನವೇ ಆದರೂ ಇವನ್ನು ಮುಂದೂಡಬೇಡಿ. ಹೇಗೂ ಬಿಚ್ಚಿರುತ್ತಾರೆ. ಎಣ್ಣೆ ಕುಡಿದು ಮೆತ್ತಗಾದ ರಬ್ಬರ್ ಇದ್ದರೆ ಎಷ್ಟು ಒಳ್ಳೆಯ ಕ್ಲಚ್ ಹಾಕಿದರೂ ಹೊರಡುವಾಗ ಗಾಡಿ ಗಡಗಡ ನಡುಗುತ್ತದೆ.

ಹಿಂದಿನ ಹೌಸಿಂಗ್‌ನಲ್ಲಿ (ಹಿಂದಿನ ಆಕ್ಸಲ್‌ನ ಗೇರ್‌ಗಳಿರುವ ಗೂಡು) ಸದ್ದು ಇದ್ದರೆ ಅದನ್ನು ಬೇರೆ ಕೆಲಸವಾಗಿಯೇ ಇಟ್ಟುಕೊಳ್ಳಿ. ಅದರೊಳಗಿನ ಗೇರ್ ಜೋಡಿಯಾದ ಕ್ರೌನ್ ಪಿನಿಯನ್‌ನ ಕೆಲಸ ಮಾಡಬಲ್ಲ ಕೈಗಳು ಕಡಿಮೆ. ಹಳೆಯದಾಗಿ ಸ್ವಲ್ಪ ಮೊರೆಯುವ ಜೋಡಿಯನ್ನು ಬಿಚ್ಚಿ ಅಳತೆ ತಪ್ಪಿಸುವುದಕ್ಕಿಂತ ಎಣ್ಣೆ ಬದಲಿಸಿ ಓಡಿಸುವುದೇ ಲೇಸು. ಎಣ್ಣೆಯ ಆಯ್ಕೆಯಲ್ಲೂ ಜಾಗ್ರತೆ ಬೇಕು. ಹೌಸಿಂಗ್‌ನ ಹೈಪಾಯ್ಡ್ ಹಲ್ಲುಗಳಿಗೆ ಜಿಎಲ್-5 ದರ್ಜೆ ಸರಿ. ಗೇರ್‌ಬಾಕ್ಸ್‌ಗೂ ಅದನ್ನೇ ಸುರಿಯುವುದು ಬೇಡ. ಕೆಲವು ಜಿಎಲ್-5 ಎಣ್ಣೆಗಳ ಸೇರ್ಪಡೆಗಳು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳನ್ನು ತಿನ್ನುತ್ತವೆ. ಗೇರ್‌ಬಾಕ್ಸ್‌ಗೆ ನಿಮ್ಮ ಮ್ಯಾನುವಲ್ ಹೇಳಿದ್ದನ್ನೇ ಹಾಕಿ.

ಐದು ಗೇರಿನ ಆಸೆ

ಗೇರ್‌ಬಾಕ್ಸ್ ಇಳಿಸಿದಾಗ ಹಲವರಿಗೆ ಬರುವ ಯೋಚನೆ ಇದು: ಇಸುಜು ಅಂಬಾಸಿಡರ್‌ನ ಐದು ಗೇರಿನ ಬಾಕ್ಸನ್ನೇ ಕೂರಿಸಿದರೆ ಹೇಗೆ? ಹೆದ್ದಾರಿ 66ರಲ್ಲಿ ಓಡಾಡುವವರಿಗೆ ಆಸೆ ಸಹಜ. ಆದರೆ ಬೆಲ್‌ಹೌಸಿಂಗ್, ಶಾಫ್ಟ್‌ನ ಉದ್ದ, ಮೌಂಟಿಂಗ್, ನೆಲದಲ್ಲಿ ಲಿವರ್‌ಗೆ ತೂತು, ಎಲ್ಲದರಲ್ಲೂ ಕೆಲಸ ಇದೆ. ಕೊನೆಗೆ ಎಂಜಿನ್ನೂ ಬದಲಾಗುತ್ತದೆ. ಎಂಜಿನ್ ಬದಲಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಸೇರಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ, ಆಗ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಕಷ್ಟ.

50 ವರ್ಷ ದಾಟಿದ ಗಾಡಿಗೆ ಇನ್ನೊಂದು ಕಾರಣವೂ ಇದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ ಆ ಮಾನ್ಯತೆ. ಅಂಥ ಗಾಡಿ ನಿಮ್ಮಲ್ಲಿದ್ದರೆ ನಾಲ್ಕು ಗೇರಿನ ಬಾಕ್ಸನ್ನೇ ಚೆನ್ನಾಗಿ ಕಟ್ಟಿಸಿ. ದಯವಿಟ್ಟು ಕತ್ತರಿಸಬೇಡಿ.

ಯಾರಿಗೆ ಯಾವುದು

ಪಾಣತ್ತೂರು ದಾಟಿ ಭಾಗಮಂಡಲದ ಕಡೆ ಘಾಟಿ ಹತ್ತುವವರಿಗೆ, ತೋಟಕ್ಕೆ ಗೊಬ್ಬರ ಹೇರಿ ಏರು ಹತ್ತಿಸುವವರಿಗೆ ಪೂರಾ ಸೆಟ್, ಫ್ಲೈವೀಲ್ ಗ್ರೈಂಡಿಂಗ್, ಮೌಂಟಿಂಗ್. ಇದರಲ್ಲಿ ಕಡಿತ ಬೇಡ. ದೇವಸ್ಥಾನಕ್ಕೆ, ಮದುವೆಗೆ ಅಂತ ತಿಂಗಳಿಗೊಮ್ಮೆ ಹೊರಡುವ ಗಾಡಿಗೆ, ಪ್ರೆಶರ್ ಪ್ಲೇಟ್ ಅಳತೆಯಲ್ಲಿ ಸರಿಯಿದ್ದರೆ ಅದನ್ನು ಉಳಿಸಿ ಪ್ಲೇಟ್, ಬೇರಿಂಗ್, ಬುಶ್ ಹಾಕಬಹುದು. ಸಾಮಾನೇ ಸಿಗದ ಮಾಡೆಲ್‌ಗೆ ಲೈನಿಂಗ್. ಮಾರಲೆಂದೇ ಇಟ್ಟ ಗಾಡಿಗೂ ನಾನು ಅರೆಬರೆ ಕೆಲಸ ಹೇಳಲಾರೆ, ಕೊಳ್ಳುವವರು ಬಹುಶಃ ನಮ್ಮ ನೆಂಟರೋ ನೆರೆಯವರೋ ಆಗಿರುತ್ತಾರೆ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲೇ ಓಡಿಸಿ. ಲೈನಿಂಗ್ ಮತ್ತು ಕಬ್ಬಿಣದ ಮುಖ ಒಂದಕ್ಕೊಂದು ಹೊಂದಿಕೊಳ್ಳಬೇಕು. ಭಾರ ಹೇರಬೇಡಿ, ಏರಿನಲ್ಲಿ ಕ್ಲಚ್ ಮೇಲೆ ಗಾಡಿ ನಿಲ್ಲಿಸಬೇಡಿ, ಹ್ಯಾಂಡ್‌ಬ್ರೇಕ್ ಬಳಸಿ. ಅಷ್ಟು ಓಡಿದ ಮೇಲೆ ಪೆಡಲ್‌ನ ಫ್ರೀ ಪ್ಲೇ ಮತ್ತೆ ಅಳೆದು ನೋಡಿ. ರಾಡ್ ಅಥವಾ ಕೇಬಲ್ ಇರುವ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಮಿಲಿಮೀಟರ್ ಇರುತ್ತದೆ. ಹೊಸ ಲೈನಿಂಗ್ ಕುಳಿತಂತೆ ಅದು ಕಡಿಮೆಯಾಗುತ್ತದೆ, ಒಂದು ನಟ್ ತಿರುಗಿಸಿ ಸರಿಮಾಡಿಕೊಳ್ಳಬಹುದು.